ಕೀಮೋ ಔಷಧಿ, ಕ್ಯಾನ್ಸರ್ ಕೋಶದ ಪೊರೆ, ಮೈಕ್ರೋಸ್ಕೋಪ್: ಪದೇ ಪದೇ ಕೇಳುವ ಪ್ರಶ್ನೆಗಳು

ರಜೆಗೆ ಶಿರಸಿಗೆ ಹೋದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ, "ನೀನು ಲ್ಯಾಬಲ್ಲಿ ಮಾಡೋದು ಎಂತದು?" ಕ್ಯಾನ್ಸರ್ ಕೋಶ ಬೆಳೆಸುತ್ತೇನೆ, ಅದಕ್ಕೆ ಕೀಮೋ ಔಷಧಿ ಹಾಕುತ್ತೇನೆ, ಆಮೇಲೆ ಆ ಕೋಶದ ಪೊರೆಗೆ ಏನಾಯಿತು ಅಂತ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ಇಷ್ಟು ಹೇಳಿದರೆ ಸಾಕು, ಪ್ರಶ್ನೆಗಳು ಶುರುವಾಗುತ್ತವೆ. ಕೆಲವು ಕಾರವಾರ, ಕುಮಟಾದ ಕಾಲೇಜು ಮಕ್ಕಳದ್ದು. ಕೆಲವು ಮನೆಯಲ್ಲಿ ಕೀಮೋ ನಡೆಯುತ್ತಿರುವವರದ್ದು. ಜಾಸ್ತಿ ಸಲ ಕೇಳಿದವನ್ನು ಇಲ್ಲಿ ಬರೆದಿಟ್ಟಿದ್ದೇನೆ. ನಾನು ಲ್ಯಾಬಿನವನು, ಡಾಕ್ಟರ್ ಅಲ್ಲ. ಚಿಕಿತ್ಸೆಯ ಮಾತು ಬಂದಾಗ ನಿಮ್ಮ ಡಾಕ್ಟರ್ ಹೇಳಿದ್ದೇ ಮುಖ್ಯ.

ಪೊರೆ ಅಂದರೆ ಯಾವ ಪೊರೆ? ಕಣ್ಣಿಗೆ ಬರುತ್ತದಲ್ಲ, ಅದಾ?

ಅದಲ್ಲ. ಹಾವು ಬಿಡುವುದೂ ಪೊರೆ, ಕಣ್ಣಿಗೆ ಬರುವುದೂ ಪೊರೆ. ಹಾಗಾಗಿ ಈ ಗೊಂದಲ ಆಗುವುದು ಸಹಜ. ನಾನು ಹೇಳುವುದು ಒಂದೊಂದು ಜೀವಕೋಶದ ಸುತ್ತಲೂ ಇರುವ ಪೊರೆ. ಅದು ಕೊಬ್ಬಿನ ಕಣಗಳು ಎರಡು ಸಾಲಾಗಿ ನಿಂತು ಆದದ್ದು. ನೀರು ಇಷ್ಟಪಡುವ ತಲೆಗಳು ಹೊರಮುಖವಾಗಿ, ನೀರು ಬೇಡದ ಬಾಲಗಳು ನಡುವೆ. ಹೀಗೆ ಎರಡು ಪದರ ಇದೆ ಅಂತ 1925ರಲ್ಲೇ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಇಬ್ಬರು ಕೆಂಪು ರಕ್ತಕಣಗಳಿಂದ ಕೊಬ್ಬು ತೆಗೆದು ಲೆಕ್ಕ ಹಾಕಿ ಹೇಳಿದ್ದರು.

ದಪ್ಪ ಎಷ್ಟು? ಸುಮಾರು 5 ನ್ಯಾನೋಮೀಟರ್. ಒಂದು ತಲೆಗೂದಲಿನ ದಪ್ಪ ತುಂಬಲು ಹತ್ತು ಸಾವಿರಕ್ಕೂ ಹೆಚ್ಚು ಪೊರೆಗಳನ್ನು ಒಂದರ ಮೇಲೊಂದು ಇಡಬೇಕು. ನಮ್ಮ ಕಡೆಯ ತೊಡೆದೇವು ಎಂಬ ಕಾಗದದಂಥ ಸಿಹಿತಿಂಡಿ ತಿಂದವರಿಗೆ ತೆಳು ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಆದರೆ ತೊಡೆದೇವು ಮುಟ್ಟಿದರೆ ಮುರಿಯುತ್ತದೆ. ಪೊರೆ ಹಾಗಲ್ಲ, ಎಣ್ಣೆಯ ಹಾಗೆ ಹರಿದಾಡುತ್ತದೆ. ಅದರೊಳಗೆ ಪ್ರೋಟೀನುಗಳು ತೇಲುತ್ತಿರುತ್ತವೆ. ಈ ಚಿತ್ರವನ್ನು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟರು. ಪಿಯುಸಿ ಪುಸ್ತಕದಲ್ಲಿರುವುದು ಅದೇ.

ಪೊರೆಯ ಕೆಲಸ ಏನು ಅಂತ ಕೇಳಿದರೆ ನಾನು ಕುಮಟಾ ಕಡೆಯ ಗಜನಿ ಗದ್ದೆ ತೋರಿಸುತ್ತೇನೆ. ಹೊರಗೆ ಅಘನಾಶಿನಿ ನದಿಯ ಉಪ್ಪುನೀರು, ಒಳಗೆ ಕಗ್ಗ ಭತ್ತ, ನಡುವೆ ಮಣ್ಣಿನ ಕಟ್ಟೆ. ಕಟ್ಟೆಯಲ್ಲಿ ನೀರು ಬಿಡಲು, ತಡೆಯಲು ಬಾಗಿಲು. ಜೀವಕೋಶವೂ ಹೀಗೇ ಉಪ್ಪಿನ ಸೋಡಿಯಂ ಅನ್ನು ಹೊರಗಿಡುತ್ತದೆ, ಪೊಟ್ಯಾಶಿಯಂ ಅನ್ನು ಒಳಗಿಟ್ಟುಕೊಳ್ಳುತ್ತದೆ. ಬಾಗಿಲು, ಪಂಪು ಎಲ್ಲ ಪ್ರೋಟೀನುಗಳೇ. ಕಟ್ಟೆ ಒಡೆದರೆ ಗದ್ದೆ ಹೋಯಿತು. ಕೋಶವೂ ಅಷ್ಟೇ.

ಕೀಮೋ ಔಷಧಿ ಡಿಎನ್‌ಎ ಮೇಲೆ ಕೆಲಸ ಮಾಡುತ್ತದೆ ಅಂತ ಪಾಠದಲ್ಲಿದೆ. ಪೊರೆ ಯಾಕೆ ನೋಡಬೇಕು?

ಪಾಠ ಸರಿಯೇ ಇದೆ. ಸಿಸ್‌ಪ್ಲಾಟಿನ್ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಡಾಕ್ಸೊರುಬಿಸಿನ್ ಡಿಎನ್‌ಎಯ ಮೆಟ್ಟಿಲುಗಳ ನಡುವೆ ತೂರುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಕೋಶ ಒಡೆದು ಎರಡಾಗಲು ಬೇಕಾದ ಎಳೆಗಳನ್ನು ಬಿಗಿ ಮಾಡಿಬಿಡುತ್ತದೆ. ಆದರೆ ಇವೆಲ್ಲ ಮೊದಲು ಒಳಗೆ ಹೋಗಬೇಕಲ್ವಾ? ಒಳಗೆ ಹೋಗುವ ದಾರಿ ಪೊರೆ. ಸಿಸ್‌ಪ್ಲಾಟಿನ್ ಸ್ವಲ್ಪ ಮಟ್ಟಿಗೆ ತಾಮ್ರಕ್ಕೆಂದು ಇರುವ ಬಾಗಿಲಿನಿಂದ ಒಳಗೆ ನುಸುಳುತ್ತದೆ. ಡಾಕ್ಸೊರುಬಿಸಿನ್ ಕೊಬ್ಬಿನ ಪದರವನ್ನೇ ದಾಟಿಕೊಂಡು ಹೋಗುತ್ತದೆ. ಹೋಗಿದ್ದನ್ನು ಮತ್ತೆ ಹೊರಗೆ ಎಸೆಯುವ ಪಂಪೂ ಪೊರೆಯಲ್ಲೇ ಇದೆ. ಅದರ ಮಾತು ಕೆಳಗೆ ಬರುತ್ತದೆ.

ಇನ್ನೊಂದು ವಿಷಯ ನನಗೆ ಈಗಲೂ ಆಶ್ಚರ್ಯ ಹುಟ್ಟಿಸುತ್ತದೆ. 1982ರಲ್ಲಿ ಟ್ರಿಟನ್ ಮತ್ತು ಯೀ ಎಂಬ ಇಬ್ಬರು ಇದೇ ಡಾಕ್ಸೊರುಬಿಸಿನ್ ಅನ್ನು ದೊಡ್ಡ ಮಣಿಗಳಿಗೆ ಕಟ್ಟಿಹಾಕಿದರು. ಮಣಿ ಕೋಶದೊಳಗೆ ಹೋಗಲಾರದು. ಆದ್ದರಿಂದ ಔಷಧಿಯೂ ಹೋಗಲಾರದು, ಹೊರಗಿನಿಂದ ಪೊರೆಯನ್ನು ಮುಟ್ಟಬಹುದು ಅಷ್ಟೆ. ಆದರೂ ಕೋಶಗಳು ಸತ್ತವು. ಅಂದರೆ ಡಿಎನ್‌ಎ ಒಂದೇ ಕಥೆಯಲ್ಲ. ಸಿಸ್‌ಪ್ಲಾಟಿನ್ ಹಾಕಿದಾಗಲೂ, ಡಿಎನ್‌ಎಗೆ ಪೂರ್ತಿ ಏಟು ಬೀಳುವ ಮೊದಲೇ, ಪೊರೆ ಮೊದಲಿಗಿಂತ ಸಡಿಲವಾಗಿ ಹರಿಯುವುದನ್ನು ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಕಂಡಿದ್ದಾರೆ.

ಮೂರನೆಯ ಕಾರಣವೇ ನನಗೆ ದೊಡ್ಡದು. ಕೋಶ ಸಾಯಲು ಶುರುವಾದದ್ದು ಮೊದಲು ಎದ್ದು ಕಾಣುವ ಜಾಗಗಳಲ್ಲಿ ಪೊರೆಯೂ ಒಂದು. ಕೀಮೋ ಅಂದರೆ ಕೋಶವನ್ನು ಸುಟ್ಟುಹಾಕುವ ಆಸಿಡ್ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹೆಚ್ಚಿನ ಔಷಧಿಗಳು ಕೋಶಕ್ಕೆ ಅದರೊಳಗೇ ಇರುವ ಸಾವಿನ ವ್ಯವಸ್ಥೆಯನ್ನು ಎಬ್ಬಿಸಿ ಕೊಡುತ್ತವೆ. ಮುಂದಿನದನ್ನು ಕೋಶ ತಾನೇ ಮಾಡಿಕೊಳ್ಳುತ್ತದೆ. ಅದರ ಗುರುತು ಪೊರೆಯ ಮೇಲೆ ಬರೆದಿರುತ್ತದೆ. ನಾವು ಮಾಡುವುದು ಅದನ್ನು ಓದುವ ಕೆಲಸ.

5 ನ್ಯಾನೋಮೀಟರ್ ಪೊರೆ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದಾ?

ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಅದರ ದಪ್ಪ ಕಾಣುವುದಿಲ್ಲ. ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರ ಇರುವ ಎರಡು ಚುಕ್ಕೆ ಒಂದೇ ಆಗಿ ಕಾಣುತ್ತವೆ. ಮಸೂರ ಎಷ್ಟೇ ಚೆನ್ನಾಗಿರಲಿ, ಬೆಳಕಿನ ಅಲೆಯೇ ಅಷ್ಟು ದೊಡ್ಡದು. ಇದನ್ನು ಅರ್ನ್‌ಸ್ಟ್ ಅಬ್ಬೆ 1873ರಲ್ಲಿ ಹೇಳಿದರು.

ಆದರೆ ದೂರದ ಗುಡ್ಡದ ಮೇಲೆ ಒಂದು ದೀಪ ಹಚ್ಚಿಟ್ಟರೆ, ದೀಪದ ಬತ್ತಿ ಕಾಣದಿದ್ದರೂ ದೀಪ ಎಲ್ಲಿದೆ ಅಂತ ಗೊತ್ತಾಗುತ್ತದೆ. ನಾವು ಮಾಡುವುದೂ ಅದನ್ನೇ. ಪೊರೆಗೆ ಮಾತ್ರ ಅಂಟುವ, ಹೊಳೆಯುವ ಬಣ್ಣ ಹಾಕುತ್ತೇವೆ. ಆಗ ಕೋಶದ ಅಂಚು ಒಂದು ಗೆರೆಯಾಗಿ ಹೊಳೆಯುತ್ತದೆ. ಕಾನ್‌ಫೋಕಲ್ ಮೈಕ್ರೋಸ್ಕೋಪ್ ಇದ್ದರೆ ಮೇಲಿನ, ಕೆಳಗಿನ ಮಸುಕು ಬೆಳಕನ್ನು ಒಂದು ಸಣ್ಣ ತೂತಿನಿಂದ ತಡೆದು ಒಂದೇ ಪದರದ ಚಿತ್ರ ತೆಗೆಯಬಹುದು. ಹಲಸಿನ ಹಣ್ಣನ್ನು ಅಡ್ಡ ಕೊಯ್ದು ನೋಡಿದ ಹಾಗೆ, ಆದರೆ ಕತ್ತಿ ಮುಟ್ಟಿಸದೆ.

ಲಾರ್ಡಾನ್ ಎಂಬ ಬಣ್ಣ ನನಗೆ ತುಂಬ ಇಷ್ಟ. ಪೊರೆ ಬಿಗಿಯಾಗಿದ್ದರೆ ನೀಲಿಯಾಗಿ ಹೊಳೆಯುತ್ತದೆ. ಸಡಿಲವಾಗಿ ನೀರು ನುಸುಳಿದರೆ ಹಸಿರಿನ ಕಡೆಗೆ ವಾಲುತ್ತದೆ. ಔಷಧಿ ಹಾಕುವ ಮೊದಲು, ಹಾಕಿದ ಮೇಲೆ ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ಪೊರೆಯ ಹದ ಬದಲಾದದ್ದು ಬಣ್ಣದಲ್ಲೇ ಗೊತ್ತಾಗುತ್ತದೆ.

200 ನ್ಯಾನೋಮೀಟರಿನ ಗೋಡೆಯನ್ನು ಉಪಾಯದಿಂದ ದಾಟಿದ್ದಕ್ಕೆ ಬೆಟ್ಜಿಗ್, ಹೆಲ್, ಮೋರ್ನರ್ ಮೂವರಿಗೆ 2014ರ ರಸಾಯನಶಾಸ್ತ್ರದ ನೊಬೆಲ್ ಬಂತು. ಪೊರೆಯ ಎರಡು ಪದರ ಎರಡು ಕಪ್ಪು ಗೆರೆಗಳಾಗಿ ನಿಜಕ್ಕೂ ಕಾಣಬೇಕಾದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ರೈಲು ಹಳಿಯ ಹಾಗೆ ಕಾಣುತ್ತದೆ. ಆದರೆ ಅದಕ್ಕೆ ಕೋಶವನ್ನು ರಾಸಾಯನಿಕದಲ್ಲಿ ಗಟ್ಟಿ ಮಾಡಿ, ನೀರು ತೆಗೆದು, ತುಂಬ ತೆಳುವಾಗಿ ಹೆರೆಯಬೇಕು. ಜೀವಂತ ಕೋಶ ನೋಡುವ ಮಾತು ಅಲ್ಲಿಗೆ ಮುಗಿಯಿತು.

ಇನ್ನೊಂದು ಉಪಕರಣ ನೋಡುವುದಕ್ಕಿಂತ ಮುಟ್ಟುವುದು ಜಾಸ್ತಿ. ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, 1986ರಲ್ಲಿ ಬಂದದ್ದು. ತೀರಾ ಚೂಪಾದ ಮುಳ್ಳಿನಿಂದ ಕೋಶವನ್ನು ಮೆಲ್ಲಗೆ ಒತ್ತಿ ಎಷ್ಟು ಮೆತ್ತಗಿದೆ ಅಂತ ಅಳೆಯುತ್ತದೆ. ಮಾವಿನಹಣ್ಣು ಒತ್ತಿ ನೋಡುತ್ತೇವಲ್ಲ, ಹಾಗೆ. ರೋಗಿಗಳ ಎದೆಯ ನೀರಿನಿಂದ ತೆಗೆದ ಕ್ಯಾನ್ಸರ್ ಕೋಶಗಳು ಸಾಮಾನ್ಯ ಕೋಶಗಳಿಗಿಂತ ಮೆತ್ತಗಿರುವುದನ್ನು 2007ರಲ್ಲಿ ಹೀಗೆ ಅಳೆದು ತೋರಿಸಿದರು. ಅದೇ ವರ್ಷ ಇನ್ನೊಂದು ತಂಡ ರಕ್ತ ಕ್ಯಾನ್ಸರಿನ ಕೋಶಗಳು ಕೀಮೋ ಔಷಧಿಯಿಂದ ಸಾಯುವಾಗ ಗಟ್ಟಿಯಾಗುವುದನ್ನು ಕಂಡಿತು. ಇಲ್ಲಿ ಮುಳ್ಳಿಗೆ ಸಿಗುವುದು ಪೊರೆಯೊಂದೇ ಅಲ್ಲ. ಅದರ ಕೆಳಗಿನ ಆಕ್ಟಿನ್ ಎಂಬ ಎಳೆಗಳ ಹಂದರವೂ ಸೇರಿ.

ಔಷಧಿ ಹಾಕಿದ ಮೇಲೆ ಕಣ್ಣೆದುರು ಏನಾಗುತ್ತದೆ?

ಹೀಲಾ ಕೋಶವನ್ನೇ ತೆಗೆದುಕೊಳ್ಳೋಣ. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಗರ್ಭಕೊರಳಿನ ಗಡ್ಡೆಯಿಂದ, ಅವರನ್ನು ಕೇಳದೆ ತೆಗೆದ ಕೋಶಗಳ ಸಂತತಿ ಇದು. ಇವತ್ತಿಗೂ ಬೆಳೆಯುತ್ತಲೇ ಇದೆ. ಕೋಶ ಬೆಳೆಸುವ ತಟ್ಟೆ, ಅಂದರೆ ಡಿಶ್, ಕೈಗೆತ್ತಿಕೊಂಡಾಗಲೆಲ್ಲ ಆ ತಾಯಿಯ ನೆನಪಾಗುತ್ತದೆ.

ಆರೋಗ್ಯವಾಗಿರುವ ಹೀಲಾ ಕೋಶ ಡಿಶ್‌ನ ತಳಕ್ಕೆ ಅಂಟಿಕೊಂಡು ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ಅಂಚು ತೆಳ್ಳಗೆ, ಒಂದೇ ಸಮ ಅಲುಗಾಡುತ್ತಾ ಇರುತ್ತದೆ. 37 ಡಿಗ್ರಿ ಬಿಸಿ, 5 ಶೇಕಡಾ ಕಾರ್ಬನ್ ಡೈಆಕ್ಸೈಡ್ ಇಟ್ಟು, ಕೆಲವು ನಿಮಿಷಕ್ಕೊಂದು ಫೋಟೋ ತೆಗೆಯಲು ಕ್ಯಾಮೆರಾಗೆ ಹೇಳಿ ಔಷಧಿ ಹಾಕುತ್ತೇವೆ. ಮೊದಲ ಕೆಲವು ಗಂಟೆ ಏನೂ ಕಾಣುವುದಿಲ್ಲ. ಹೊಸದಾಗಿ ಬಂದ ವಿದ್ಯಾರ್ಥಿಗಳು "ಸರ್, ಔಷಧಿ ಹಾಳಾಗಿದೆ" ಅನ್ನುವುದು ಇದೇ ಹೊತ್ತಿಗೆ.

ಆಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಒಂದು ಕೋಶ ತನ್ನ ಅಂಚನ್ನು ಒಳಗೆ ಎಳೆದುಕೊಳ್ಳುತ್ತದೆ. ಬಿಟ್ಟು ಬಂದ ಜಾಗದಲ್ಲಿ ನೂಲಿನಂಥ ಎಳೆಗಳು ಉಳಿಯುತ್ತವೆ. ಕೋಶ ಗುಂಡಗಾಗಿ, ಬಣ್ಣ ಹಾಕದ ಕೋಶವನ್ನೂ ಎದ್ದು ಕಾಣಿಸುವ ಫೇಸ್ ಕಾಂಟ್ರಾಸ್ಟ್ ಬೆಳಕಿನಲ್ಲಿ ಪಳಪಳ ಹೊಳೆಯಲು ಶುರುಮಾಡುತ್ತದೆ. ಆಮೇಲೆ ಗುಳ್ಳೆ. ಒಲೆಯ ಮೇಲೆ ದಪ್ಪ ಗಂಜಿ ಕುದಿಯುವಾಗ ಗುಳ್ಳೆ ಏಳುವ ಹಾಗೆ ಪೊರೆ ಅಲ್ಲೊಂದು ಇಲ್ಲೊಂದು ಕಡೆ ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಇನ್ನೊಂದು ಕಡೆ ಉಬ್ಬುತ್ತದೆ. ಇದಕ್ಕೆ ಬ್ಲೆಬ್ ಎನ್ನುತ್ತಾರೆ.

ಪೊರೆ ಸುಮ್ನೆ ಉಬ್ಬುವುದಿಲ್ಲ. ಸಾವಿನ ವ್ಯವಸ್ಥೆ ಎದ್ದಾಗ ಕ್ಯಾಸ್ಪೇಸ್-3 ಎಂಬ ಕತ್ತರಿಯಂಥ ಪ್ರೋಟೀನ್ ಕೆಲಸ ಶುರುಮಾಡುತ್ತದೆ. ಅದು ರಾಕ್-1 ಎಂಬ ಪ್ರೋಟೀನನ್ನು ಕತ್ತರಿಸಿ, ನಿಲ್ಲಿಸಲಾಗದ ಹಾಗೆ ಚಾಲೂ ಮಾಡಿಬಿಡುತ್ತದೆ. ರಾಕ್-1 ಪೊರೆಯ ಕೆಳಗಿನ ಆಕ್ಟಿನ್ ಹಂದರವನ್ನು ಹಿಂಡುತ್ತದೆ. ಒಳಗಿನ ರಸಕ್ಕೆ ಒತ್ತಡ ಬಿದ್ದು, ಹಂದರ ಸಡಿಲವಾದ ಕಡೆ ಪೊರೆ ಹೊರಗೆ ನುಗ್ಗುತ್ತದೆ. ಕೊನೆಗೆ ಕೋಶ ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಪ್ರತಿ ಪೊಟ್ಟಣಕ್ಕೂ ಪೊರೆ ಸುತ್ತಿರುತ್ತದೆ, ಏನೂ ಹೊರಗೆ ಚೆಲ್ಲುವುದಿಲ್ಲ. ಈ ರೀತಿಯ ಸಾವಿಗೆ 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ಅಪಾಪ್ಟೋಸಿಸ್ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದು ಮರದಿಂದ ಎಲೆ ಉದುರುವುದಕ್ಕೆ ಹೇಳುವ ಮಾತು.

ಚಿತ್ರಗಳಲ್ಲಿ ಹಸಿರು, ಕೆಂಪು ಇರುತ್ತದಲ್ಲ, ಅದರ ಅರ್ಥ ಏನು?

ಪೊರೆಯ ಒಳ ಪದರದಲ್ಲಿ ಫಾಸ್ಫಟಿಡೈಲ್ ಸೆರೀನ್ ಎಂಬ ಕೊಬ್ಬು ಇರುತ್ತದೆ. ಬದುಕಿರುವ ಕೋಶ ಶಕ್ತಿ ಖರ್ಚು ಮಾಡಿ ಅದನ್ನು ಒಳಗೇ ಇಟ್ಟುಕೊಳ್ಳುತ್ತದೆ. ಸಾಯಲು ಹೊರಟಾಗ ಅದು ಹೊರಗಿನ ಪದರಕ್ಕೆ ಬರುತ್ತದೆ. ದೇಹದಲ್ಲಿ ಕಸ ಗುಡಿಸುವ ಬಿಳಿ ರಕ್ತಕಣಗಳಿಗೆ ಅದು "ನನ್ನನ್ನು ತೆಗೆದುಬಿಡಿ" ಎಂಬ ಸೂಚನೆ. ಅನೆಕ್ಸಿನ್-5 ಎಂಬ ಪ್ರೋಟೀನ್ ಈ ಕೊಬ್ಬಿಗೆ ಅಂಟುತ್ತದೆ. ಅದಕ್ಕೆ ಹಸಿರು ಬಣ್ಣ ಕಟ್ಟಿ ಬಿಟ್ಟರೆ, ಸಾಯಲು ಹೊರಟ ಕೋಶದ ಸುತ್ತ ಹಸಿರು ಬಳೆ ತೊಡಿಸಿದ ಹಾಗೆ ಕಾಣುತ್ತದೆ.

ಕೆಂಪು ಬಣ್ಣ ಪ್ರೊಪಿಡಿಯಂ ಅಯೋಡೈಡ್. ಅದು ಗಟ್ಟಿ ಇರುವ ಪೊರೆಯನ್ನು ದಾಟಲಾರದು. ಕಟ್ಟೆ ಒಡೆದಿದ್ದರೆ ಮಾತ್ರ ಒಳಗೆ ನುಗ್ಗಿ ಡಿಎನ್‌ಎಗೆ ಅಂಟಿ ಕೆಂಪಗೆ ಹೊಳೆಯುತ್ತದೆ. ಹಸಿರು ಮಾತ್ರ ಇದ್ದರೆ ಸಾವು ಶುರುವಾಗಿದೆ, ಪೊರೆ ಇನ್ನೂ ಗಟ್ಟಿ ಇದೆ. ಎರಡೂ ಇದ್ದರೆ ಪೊರೆ ಒಡೆದಿದೆ. ಆದರೆ ಅದು ಶಿಸ್ತಾಗಿ ಸತ್ತು ಕೊನೆಗೆ ಒಡೆದದ್ದೋ, ಮೊದಲೇ ಒಡೆದು ಸತ್ತದ್ದೋ ಎಂದು ಒಂದೇ ಚಿತ್ರದಿಂದ ಹೇಳಲಾಗದು. ಅದಕ್ಕೇ ಗಂಟೆಗಟ್ಟಲೆ ಒಂದೇ ಕೋಶವನ್ನು ಹಿಂಬಾಲಿಸಬೇಕು.

ನನ್ನ ಒಂದು ತಪ್ಪು ಹೇಳುತ್ತೇನೆ, ಹೊಸಬರಿಗೆ ಉಪಯೋಗವಾದೀತು. ಅನೆಕ್ಸಿನ್ ಅಂಟಬೇಕಾದರೆ ಕ್ಯಾಲ್ಸಿಯಂ ಬೇಕೇ ಬೇಕು. ಒಂದು ಸಲ ಬಫರ್, ಅಂದರೆ ಕೋಶಗಳಿಗೆ ಹಾಕುವ ದ್ರಾವಣ, ಮಾಡುವಾಗ ಕ್ಯಾಲ್ಸಿಯಂ ಹಾಕುವುದನ್ನು ಮರೆತೆ. ಡಿಶ್ ತುಂಬ ಕೋಶಗಳು ಗುಳ್ಳೆ ಎದ್ದು ಸಾಯುತ್ತಿವೆ, ಆದರೆ ಒಂದೂ ಹಸಿರಿಲ್ಲ. ಎರಡು ವಾರ ಔಷಧಿಯ ಮೇಲೆ ಸಂಶಯಪಟ್ಟೆ. ಖಂಡಿತ ಸಾಯುತ್ತವೆ ಎಂದು ಗೊತ್ತಿರುವ ಒಂದು ಡಿಶ್ ಅನ್ನು ಪಕ್ಕದಲ್ಲಿ ಇಟ್ಟಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಈಗ ಅದಿಲ್ಲದೆ ಒಂದೂ ಪ್ರಯೋಗ ಮಾಡುವುದಿಲ್ಲ.

ನಮ್ಮ ಮನೆಯವರಿಗೆ ಕೆಂಪು ಔಷಧಿ ಕೊಟ್ಟರು. ಅದು ಏನು?

ಹೆಚ್ಚಾಗಿ ಅದು ಡಾಕ್ಸೊರುಬಿಸಿನ್, ಇಲ್ಲವೇ ಅದರ ಹತ್ತಿರದ ಬಳಗದ್ದು. ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಬಂದದ್ದು. ಬಣ್ಣ ಅದರದ್ದೇ, ಯಾರೂ ಸೇರಿಸಿದ್ದಲ್ಲ.

ನನ್ನ ಅತ್ತೆಗೂ ಇದನ್ನೇ ಕೊಟ್ಟಿದ್ದರು. ಮಾರನೇ ದಿನ ಬೆಳಿಗ್ಗೆ ಫೋನ್. "ತಮಾ, ರಕ್ತ ಹೋಗ್ತಾ ಇದ್ದು ಕಾಣ್ತು." ದನಿ ನಡುಗುತ್ತಿತ್ತು. ಮೂತ್ರ ಕೆಂಪಾಗಿತ್ತು. ಈ ಔಷಧಿ ತೆಗೆದುಕೊಂಡ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗಿ ಬರಬಹುದು, ಅದು ಔಷಧಿಯ ಬಣ್ಣ, ರಕ್ತ ಅಲ್ಲ. ಈ ಒಂದು ಮಾತು ಆಸ್ಪತ್ರೆಯಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ. ನನಗೆ ಈಗಲೂ ಅದು ಬೇಜಾರು. ಎರಡು ದಿನ ದಾಟಿದ ಮೇಲೂ ಕೆಂಪು ನಿಲ್ಲದಿದ್ದರೆ, ಇಲ್ಲವೇ ಉರಿ, ನೋವು, ಜ್ವರ ಇದ್ದರೆ ತಡಮಾಡದೆ ಡಾಕ್ಟರಿಗೆ ಫೋನ್ ಮಾಡಿ.

ಅದೇ ವಾರ ಲ್ಯಾಬಿನಲ್ಲಿ ಅದೇ ಔಷಧಿಯ ಡಿಶ್ ಇಟ್ಟಿದ್ದೆ. ಡಾಕ್ಸೊರುಬಿಸಿನ್‌ಗೆ ಬೇರೆ ಬಣ್ಣ ಕಟ್ಟಬೇಕಿಲ್ಲ. ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕು ಬಿಟ್ಟರೆ ತಾನೇ ಕಿತ್ತಳೆ ಕೆಂಪಾಗಿ ಹೊಳೆಯುತ್ತದೆ. ಮೊದಲು ಕೋಶದ ಹೊರಗೆಲ್ಲ ಮಸುಕು ಕೆಂಪು. ಆಮೇಲೆ ಹೊರಗಿನದು ತಿಳಿಯಾಗಿ ಕೋಶದ ನಡುವಿನ ನ್ಯೂಕ್ಲಿಯಸ್ ಕೆಂಡದ ಹಾಗೆ ಮೂಡುತ್ತದೆ. ಆ ಫೋಟೋ ಅತ್ತೆಗೆ ಕಳಿಸಿದೆ. ಅವಳು ತುಂಬ ಹೊತ್ತು ನೋಡಿ, "ಹಂಗಾರೆ ಇದು ಒಳಗೆ ಹೋಗಿ ಕೂತ್ಕತ್ತು" ಅಂದಳು. ಸರಿಯಾಗಿಯೇ ಹೇಳಿದಳು.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಡಿಎನ್‌ಎಗೆ ಅಂಟಿದ ಮೇಲೆ ಇದರ ಹೊಳಪು ಕಡಿಮೆಯಾಗುತ್ತದೆ. ಹೊಳಪು ಕಡಿಮೆ ಇದೆ ಎಂದ ಮಾತ್ರಕ್ಕೆ ಔಷಧಿ ಕಡಿಮೆ ಇದೆ ಎಂದಲ್ಲ.

ಮೊದಲು ಕೆಲಸ ಮಾಡಿದ ಕೀಮೋ ಆಮೇಲೆ ಕೆಲಸ ಮಾಡುವುದಿಲ್ಲವಂತೆ. ಅದಕ್ಕೂ ಪೊರೆಗೂ ಸಂಬಂಧ ಇದೆಯಾ?

ಕಾರಣಗಳು ಹಲವು. ಅದರಲ್ಲಿ ಒಂದು ಖಂಡಿತ ಪೊರೆಯದ್ದು. 1976ರಲ್ಲಿ ಜೂಲಿಯಾನೊ ಮತ್ತು ಲಿಂಗ್ ಔಷಧಿಗೆ ಬಗ್ಗದ ಕೋಶಗಳ ಪೊರೆಯಲ್ಲಿ ಒಂದು ಪ್ರೋಟೀನ್ ಜಾಸ್ತಿ ಇರುವುದನ್ನು ಕಂಡು ಪಿ-ಗ್ಲೈಕೊಪ್ರೋಟೀನ್ ಎಂದು ಕರೆದರು. ಅದೊಂದು ಪಂಪ್. ದೋಣಿಗೆ ನುಗ್ಗಿದ ನೀರನ್ನು ಎತ್ತಿ ಚೆಲ್ಲುವ ಹಾಗೆ ಔಷಧಿಯನ್ನು ಹೊರಗೆ ಹಾಕುತ್ತಲೇ ಇರುತ್ತದೆ. ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್, ಪ್ಯಾಕ್ಲಿಟ್ಯಾಕ್ಸೆಲ್, ಇವೆಲ್ಲ ಒಂದಕ್ಕೊಂದು ಹೋಲದ ಔಷಧಿಗಳು. ಆದರೂ ಎಲ್ಲವನ್ನೂ ಎತ್ತಿ ಹಾಕುತ್ತದೆ. ಒಂದಕ್ಕೆ ಬಗ್ಗದ ಗಡ್ಡೆ ಇನ್ನೊಂದಕ್ಕೂ ಬಗ್ಗದಿರುವುದಕ್ಕೆ ಇದೂ ಒಂದು ಕಾರಣ.

ಮೈಕ್ರೋಸ್ಕೋಪಿನಲ್ಲಿ ಇದನ್ನು ನೋಡುವುದು ಸುಲಭ. ಡಾಕ್ಸೊರುಬಿಸಿನ್ ಹಾಕಿದರೆ ಪಂಪ್ ಇಲ್ಲದ ಕೋಶ ಕೆಂಪಾಗುತ್ತದೆ. ಪಂಪ್ ಇರುವುದು ಪಕ್ಕದಲ್ಲೇ ಕಪ್ಪಗೆ ಉಳಿಯುತ್ತದೆ. ಪಂಪನ್ನು ತಡೆಯುವ ವೆರಾಪಮಿಲ್ ಹಾಕಿದರೆ ಅದೂ ಕೆಂಪಾಗುತ್ತದೆ. ಡಿಶ್‌ನಲ್ಲಿ ಇಷ್ಟು ಚೆಂದ. ರೋಗಿಗಳಲ್ಲಿ ಪಂಪನ್ನು ತಡೆಯುವ ಪ್ರಯತ್ನಗಳು ಅಂದುಕೊಂಡಷ್ಟು ಫಲ ಕೊಡಲಿಲ್ಲ. ಈ ಪಂಪ್ ನಮ್ಮ ಕರುಳು, ಲಿವರ್, ಮಿದುಳಿನ ರಕ್ತನಾಳಗಳಲ್ಲೂ ಇದೆ, ಅಲ್ಲಿ ನಮ್ಮನ್ನು ವಿಷದಿಂದ ಕಾಯುತ್ತಿದೆ.

ಕೋಶ ಯಾವಾಗಲೂ ಎಲೆ ಉದುರಿದ ಹಾಗೆ ಸದ್ದಿಲ್ಲದೆ ಸಾಯುತ್ತದಾ?

ಇಲ್ಲ. ಗ್ಯಾಸ್‌ಡರ್ಮಿನ್-ಇ ಎಂಬ ಪ್ರೋಟೀನ್ ಜಾಸ್ತಿ ಇರುವ ಕೋಶದಲ್ಲಿ ಅದೇ ಕ್ಯಾಸ್ಪೇಸ್-3 ಕತ್ತರಿ ಅದನ್ನೂ ಕತ್ತರಿಸುತ್ತದೆ. ಕತ್ತರಿಸಿದ ತುಂಡುಗಳು ಪೊರೆಯಲ್ಲಿ ತೂತು ಕೊರೆಯುತ್ತವೆ. ಇದು 2017ರಲ್ಲಿ ಗೊತ್ತಾಯಿತು. ಆಗ ಸಣ್ಣ ಗುಳ್ಳೆಗಳ ಬದಲು ಕೋಶದ ಪಕ್ಕದಲ್ಲಿ ಬಲೂನಿನಂಥ ಒಂದೆರಡು ದೊಡ್ಡ ಗುಳ್ಳೆ ಏಳುತ್ತವೆ, ಒಳಗಿನದೆಲ್ಲ ಹೊರಗೆ ಚೆಲ್ಲುತ್ತದೆ, ಸುತ್ತ ಉರಿಯೂತ ಆಗುತ್ತದೆ. ಕೀಮೋದಿಂದ ಒಳ್ಳೆಯ ಅಂಗಗಳಿಗೆ ಆಗುವ ತೊಂದರೆಯಲ್ಲೂ ಇದರ ಪಾಲಿದೆ.

ಪೊರೆಯ ಮೇಲೆಯೇ ಕೆಲಸ ಮಾಡುವ ಔಷಧಿ ಇದೆಯಾ?

ಇದೆ. ಮಿಲ್ಟೆಫೊಸಿನ್ ಪೊರೆಯ ಕೊಬ್ಬನ್ನೇ ಹೋಲುತ್ತದೆ. ಸ್ತನ ಕ್ಯಾನ್ಸರ್ ಚರ್ಮಕ್ಕೆ ಹಬ್ಬಿದಾಗ ಮೇಲಿಂದ ಹಚ್ಚಲು ಬಳಸಿದರು. ನಮ್ಮ ದೇಶದಲ್ಲಿ ಅದು ಜಾಸ್ತಿ ಗೊತ್ತಿರುವುದು ಕಾಲಾ ಅಜಾರ್ ರೋಗದ ಮಾತ್ರೆಯಾಗಿ. ಇನ್ನು ಡಾಕ್ಸೊರುಬಿಸಿನ್ ಅನ್ನೇ ಕೊಬ್ಬಿನ ಪುಟ್ಟ ಚೀಲದಲ್ಲಿ ತುಂಬಿ ಕೊಡುವ ಔಷಧಿ 1995ರಿಂದ ಇದೆ. ಹೃದಯಕ್ಕೆ ಆಗುವ ಪೆಟ್ಟು ಅದರಿಂದ ಕಡಿಮೆ.

ನಮ್ಮ ಘಟ್ಟದ ಮರದಿಂದಲೇ ಕ್ಯಾನ್ಸರ್ ಔಷಧಿ ಮಾಡುತ್ತಾರಂತೆ, ನಿಜವಾ? ಕಷಾಯ ಮಾಡಿ ಕುಡಿಯಬಹುದಾ?

ಮೊದಲನೆಯದು ನಿಜ. ಎರಡನೆಯದು ದಯವಿಟ್ಟು ಬೇಡ.

ಹೂವಿನ ಕೆಟ್ಟ ವಾಸನೆಗೆ ದುರ್ವಾಸನೆ ಮರ ಅಂತ ಹೆಸರು ಪಡೆದ ಮರ ಅದು, ಪಶ್ಚಿಮ ಘಟ್ಟದಲ್ಲಿದೆ. ಸಸ್ಯಶಾಸ್ತ್ರದವರು ನೊಥಾಪೊಡೈಟಿಸ್ ಎನ್ನುತ್ತಾರೆ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಇದೆ. ಈ ವಸ್ತುವನ್ನು 1966ರಲ್ಲಿ ವಾಲ್ ಮತ್ತು ವಾನಿ ಒಂದು ಚೀನೀ ಮರದಿಂದ ಮೊದಲು ಬೇರ್ಪಡಿಸಿದರು. ನಮ್ಮ ಮರದಲ್ಲೂ ಇದೆ ಎಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಆದರೆ ಆ ಕಾಲದಲ್ಲಿ ಅದನ್ನು ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವದಂಥ ಕಷ್ಟಗಳಾಗಿ ನಿಲ್ಲಿಸಬೇಕಾಯಿತು. ಅದನ್ನು ತಿದ್ದಿ ಮಾಡಿದ ಟೊಪೊಟೆಕಾನ್, ಇರಿನೊಟೆಕಾನ್ 1996ರ ಹೊತ್ತಿಗೆ ಬಳಕೆಗೆ ಬಂದವು. ಬರೀ ತೊಗಟೆಯ ಕಷಾಯ ಕುಡಿಯುವುದು ಆ ತಿದ್ದದ ವಿಷವನ್ನು ಅಳತೆ ಇಲ್ಲದೆ ಕುಡಿದ ಹಾಗೆ. ಮರವೂ ಹೋಗುತ್ತದೆ. ತೊಗಟೆ, ಬೇರಿಗಾಗಿ ಕಡಿದು ಕಡಿದು ಎಷ್ಟೋ ಕಡೆ ಅದು ಕಡಿಮೆಯಾಗಿದೆ.

ಪೊರೆಯ ಮಟ್ಟಿಗೂ ಇದು ಕುತೂಹಲದ ಔಷಧಿ. ಇದರ ಅಣುವಿನಲ್ಲಿ ಒಂದು ಉಂಗುರ ಇದೆ. ಉಂಗುರ ಮುಚ್ಚಿದ್ದಾಗ ಪೊರೆಯನ್ನು ಸಲೀಸಾಗಿ ದಾಟುತ್ತದೆ. ರಕ್ತದಲ್ಲಿ ಉಂಗುರ ಬಿಚ್ಚಿಕೊಂಡರೆ ದಾಟುವುದು ಕಷ್ಟ. ಇದೂ ತಾನೇ ಹೊಳೆಯುತ್ತದೆ, ನೀಲಿಯಾಗಿ.

ಕಾರವಾರದ ಕಡಲತಡಿಯ ಮನೆಗಳ ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪ, ಅಂದರೆ ಕಾಶಿ ಕಣಗಿಲೆ, ಅದೂ ಇದೇ ಸಾಲಿನದು. ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಬಂದದ್ದು ಅದರಿಂದ. ಅದರ ಎಲೆಯನ್ನೂ ಅಗಿಯಬೇಡಿ.

ಅಡಿಕೆ ಜಗಿದು ಬಾಯಿ ಬಿಗಿಯುತ್ತದಲ್ಲ, ಅದು ಈ ಪೊರೆಯ ತೊಂದರೆಯಾ?

ಅದು ಬೇರೆ. ಬಾಯಿಯ ಒಳಚರ್ಮದ ಕೆಳಗೆ ನಾರು ಬೆಳೆದು ಬಿಗಿಯಾಗುತ್ತದೆ. ಅದನ್ನು ಕಡೆಗಣಿಸಬೇಡಿ, ಮುಂದೆ ಕ್ಯಾನ್ಸರ್ ಆಗಬಹುದು. ನಮ್ಮ ಮನೆಯೂ ಅಡಿಕೆ ತೋಟದಿಂದಲೇ ನಡೆದದ್ದು, ನನ್ನ ಫೀಸು ಕಟ್ಟಿದ್ದೂ ಅಡಿಕೆಯೇ. ಹಾಗಾಗಿ ಇದನ್ನು ಹೇಳುವುದು ಕಷ್ಟ. ಆದರೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕು ಇಲ್ಲದ ಅಡಿಕೆಯನ್ನೂ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಬಾಯಿ ಮೊದಲಿನಷ್ಟು ತೆರೆಯದಿದ್ದರೆ, ಖಾರ ತಡೆಯಲಾಗದಿದ್ದರೆ, ವಾಸಿಯಾಗದ ಹುಣ್ಣಿದ್ದರೆ ಈ ವಾರವೇ ತೋರಿಸಿ.

ಅಮ್ಮನ ಗಡ್ಡೆಯ ಚೂರು ತೆಗೆದು, ಎಲ್ಲ ಔಷಧಿ ಹಾಕಿ ನೋಡಿ, ಯಾವುದು ಸರಿ ಅಂತ ಹೇಳಲು ಆಗುವುದಿಲ್ಲವಾ?

ಈ ಪ್ರಶ್ನೆ ಕೇಳುವವರ ಮುಖ ನೋಡಿ "ಇಲ್ಲ" ಅನ್ನುವುದು ಬಹಳ ಕಷ್ಟ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ರಾತ್ರಿ ಬಸ್ ಹತ್ತಿ ಹೋಗಿ ಬರುವವರು ಇವರು.

ಬಯಾಪ್ಸಿಯ ಚೂರನ್ನು ಆಸ್ಪತ್ರೆಯಲ್ಲಿ ಮೈಕ್ರೋಸ್ಕೋಪಿನಲ್ಲಿ ನೋಡಿಯೇ ನೋಡುತ್ತಾರೆ. ಆದರೆ ಅದು ಗಟ್ಟಿ ಮಾಡಿ ಬಣ್ಣ ಹಾಕಿದ ಚೂರು. ಯಾವ ಕ್ಯಾನ್ಸರ್, ಎಷ್ಟು ಜೋರು ಎಂದು ಅದು ಹೇಳುತ್ತದೆ. ರೋಗಿಯ ಕೋಶಗಳನ್ನೇ ಉಂಡೆಗಳಾಗಿ ಬೆಳೆಸಿ ಔಷಧಿ ಪರೀಕ್ಷೆ ಮಾಡುವ ಸಂಶೋಧನೆ ನಡೆಯುತ್ತಿದೆ. ಆದರೆ ಡಿಶ್‌ನಲ್ಲಿ ರಕ್ತ ಹರಿಯುವುದಿಲ್ಲ, ಔಷಧಿಯನ್ನು ಒಡೆಯುವ ಲಿವರ್ ಇಲ್ಲ, ಸತ್ತದ್ದನ್ನು ತೆಗೆಯುವ ಬಿಳಿ ರಕ್ತಕಣ ಇಲ್ಲ. ಡಿಶ್‌ನಲ್ಲಿ ನಾನು ಬೇಕಾದಷ್ಟು ಔಷಧಿ ಸುರಿಯಬಹುದು. ಅಮ್ಮನಿಗೆ ಹಾಗೆ ಕೊಡಲಾಗದು, ಕೂದಲಿನ ಬುಡ, ಬಾಯಿ, ಕರುಳು, ಮೂಳೆಯ ಮಜ್ಜೆಯ ಕೋಶಗಳೂ ಬೇಗ ಬೇಗ ಬೆಳೆಯುವವೇ, ಅವುಗಳಿಗೂ ಏಟು ಬೀಳುತ್ತದೆ. ನಾವು ಲ್ಯಾಬಿನಲ್ಲಿ ಕಂಡದ್ದು ಆಸ್ಪತ್ರೆ ತಲುಪಲು ವರ್ಷಗಳು ಬೇಕು. ಯಾರಾದರೂ ಒಂದು ಹೊಳೆಯುವ ಚಿತ್ರ ತೋರಿಸಿ "ಈ ಪುಡಿ ಕ್ಯಾನ್ಸರ್ ಕೋಶ ಕೊಲ್ಲುತ್ತದೆ" ಎಂದರೆ ದುಡ್ಡು ಕೊಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಡಿಶ್‌ನಲ್ಲಿ ಉಪ್ಪುನೀರೂ ಕೋಶ ಕೊಲ್ಲುತ್ತದೆ.

ನಮ್ಮ ಕಾಲೇಜಿನಲ್ಲಿ ಇರುವುದು ಸಾದಾ ಮೈಕ್ರೋಸ್ಕೋಪ್. ಅದರಲ್ಲಿ ಏನಾದರೂ ನೋಡಬಹುದಾ?

ಖಂಡಿತ. ಕೀಮೋ ಔಷಧಿ ಮಾತ್ರ ಮುಟ್ಟಬೇಡಿ, ಅದು ಮುಟ್ಟುವವರಿಗೂ ಅಪಾಯ. ಅದಿಲ್ಲದೆಯೂ ಪೊರೆ ಅಂದರೇನು ಎಂದು ಕಣ್ಣಾರೆ ನೋಡಬಹುದು.

ಬೇಕರಿಯವರು ಬಳಸುವ ಯೀಸ್ಟ್ ಸ್ವಲ್ಪ ತನ್ನಿ. ಉಗುರುಬೆಚ್ಚಗಿನ ಸಕ್ಕರೆ ನೀರಿನಲ್ಲಿ ಅರ್ಧ ಗಂಟೆ ಬಿಡಿ. ಅದರಲ್ಲಿ ಅರ್ಧವನ್ನು ಕುದಿಸಿ ಆರಿಸಿ. ಎರಡಕ್ಕೂ ತೆಳುವಾದ ಮೆಥಿಲೀನ್ ಬ್ಲೂ ಒಂದೊಂದು ಹನಿ ಹಾಕಿ, 40ರ ಮಸೂರದಲ್ಲಿ ನೋಡಿ. ಬದುಕಿದ ಯೀಸ್ಟ್ ಬಣ್ಣವನ್ನು ತಡೆಯುತ್ತದೆ, ಒಳಗೆ ಬಂದದ್ದನ್ನೂ ಬಣ್ಣವಿಲ್ಲದ ಹಾಗೆ ಮಾಡುತ್ತದೆ. ಸತ್ತದ್ದು ನೀಲಿಯಾಗಿ ಕೂರುತ್ತದೆ. ನೂರು ಕೋಶ ಎಣಿಸಿ. ಯಾವುದು ಕುದಿಸಿದ್ದು ಎಂದು ಎಣಿಸುವವರಿಗೆ ಹೇಳಬೇಡಿ. ನಾವೂ ಹಾಗೇ ಮಾಡುತ್ತೇವೆ, ಇಲ್ಲದಿದ್ದರೆ ಮನಸ್ಸು ಬಯಸಿದ್ದನ್ನೇ ಕಣ್ಣು ಎಣಿಸಿಬಿಡುತ್ತದೆ.

ಕಾರವಾರದವರಿಗೆ ಇನ್ನೊಂದು ಅನುಕೂಲ ಇದೆ. ರಿಯೋ ಗಿಡದ ಎಲೆಯ ಹಿಂಬದಿಯ ನೇರಳೆ ಸಿಪ್ಪೆ ತೆಗೆದು ಸ್ಲೈಡಿನ ಮೇಲಿಡಿ. ಪಿಯುಸಿ ಲ್ಯಾಬಿನಲ್ಲಿ ಸಕ್ಕರೆ ದ್ರಾವಣ ಹಾಕುತ್ತಾರೆ. ನೀವು ಸಮುದ್ರದ ನೀರು ಒಂದು ಹನಿ ಹಾಕಿ. ಕೆಲವೇ ನಿಮಿಷದಲ್ಲಿ ನೇರಳೆ ಬಣ್ಣ ಮುದುಡಿಕೊಂಡು ಕೋಶದ ಗೋಡೆಯಿಂದ ದೂರ ಸರಿಯುತ್ತದೆ. ಆ ನೇರಳೆಯ ಅಂಚು ಇದೆಯಲ್ಲ, ಪೊರೆ ಇರುವುದು ಅಲ್ಲೇ. ಆಮೇಲೆ ಬಾವಿ ನೀರು ಹಾಕಿ, ಮತ್ತೆ ಹಿಗ್ಗುತ್ತದೆ. ಸಮುದ್ರದ ನೀರನ್ನು ಬೇಸಿಗೆಯಲ್ಲೇ ತನ್ನಿ, ಉಪ್ಪು ಸುಮಾರು 3.5 ಶೇಕಡಾ ಇರುತ್ತದೆ. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಬಂದು ಸೇರುತ್ತದೆ. ಆಗ ಅಳಿವೆಯ ಹತ್ತಿರ ತಂದ ನೀರಿನಲ್ಲಿ ನೇರಳೆ ಅಷ್ಟಾಗಿ ಮುದುಡದೆಯೂ ಇರಬಹುದು. ಎರಡೂ ಕಾಲದಲ್ಲಿ ಮಾಡಿ, ಚಿತ್ರ ಬರೆದಿಟ್ಟುಕೊಳ್ಳಿ.